ಮೂರು ಪಟ್ಟು ಡೋಸ್: ತಪ್ಪು ಮಾಡಿದ ಪಶುವೈದ್ಯರನ್ನು ಮತ್ತೆ ನಂಬಬಹುದಾ?

ಆ ಔಷಧ ಹಾಕಿದ್ದು ನಾನೇ. ಮೂರು ದಿನ, ದಿನಕ್ಕೊಂದು ಸಲ, ಸಿರಿಂಜಿನಲ್ಲಿ ಅಳೆದು, ಬೆಲ್ಲಿಯ ಬಾಯಿಯ ಪಕ್ಕದಿಂದ ಮೆಲ್ಲಗೆ ಬಿಟ್ಟಿದ್ದೆ. ಮೂರನೇ ದಿನ ರಾತ್ರಿ ಅವಳು ಎರಡು ಸಲ ವಾಂತಿ ಮಾಡಿ ಮಂಚದ ಕೆಳಗೆ ಸೇರಿಕೊಂಡಳು. ಮೀನಿನ ವಾಸನೆ ತೋರಿಸಿದರೂ ಹೊರಗೆ ಬರಲಿಲ್ಲ.

ಬೆಲ್ಲಿ ನಮ್ಮ ಬಾಡಿಗೆ ಮನೆಯ ಮೆಟ್ಟಿಲ ಮೇಲೆ ಸಿಕ್ಕಿದ ಬೀದಿ ಬೆಕ್ಕು. ತೂಕ 3.6 ಕೆ.ಜಿ. ಹುಳುಕು ಹಲ್ಲೊಂದನ್ನು ಕೀಳಿಸಿದ ಮೇಲೆ ನೋವಿಗೆ ಅಂತ ಡಾಕ್ಟರ್ ಮೆಲಾಕ್ಸಿಕ್ಯಾಮ್ ದ್ರಾವಣ ಬರೆದಿದ್ದರು: ದಿನಕ್ಕೆ 0.36 ಮಿ.ಲೀ., ಮೂರು ದಿನ. ಅವತ್ತು ರಾತ್ರಿಯೇ ನಾನು ಮೊದಲ ಸಲ ಬಾಟಲಿಯ ಲೇಬಲ್ ಓದಿದ್ದು. ಅದರ ಮೇಲೆ ನಾಯಿಯ ಚಿತ್ರ ಇತ್ತು. ಪಕ್ಕದಲ್ಲಿ ‘1.5 ಮಿ.ಗ್ರಾಂ/ಮಿ.ಲೀ.’ ಅಂತ ಬರೆದಿತ್ತು.

ಲೆಕ್ಕ ಸುಲಭ. ಡಾಕ್ಟರ್ ಅಂದುಕೊಂಡ ಪ್ರಮಾಣ ಪ್ರತಿ ಕೆ.ಜಿ.ಗೆ 0.05 ಮಿ.ಗ್ರಾಂ. ಅಂದ್ರೆ ಬೆಲ್ಲಿಗೆ 0.18 ಮಿ.ಗ್ರಾಂ. ಬೆಕ್ಕುಗಳಿಗೆಂದೇ ಬರುವ 0.5 ಮಿ.ಗ್ರಾಂ/ಮಿ.ಲೀ. ದ್ರಾವಣವಾಗಿದ್ದರೆ 0.36 ಮಿ.ಲೀ. ಸರಿಯಾದ ಲೆಕ್ಕ. ಆದರೆ ಕ್ಲಿನಿಕ್ಕಿನ ಕೌಂಟರ್‌ನಿಂದ ಬಂದಿದ್ದು ನಾಯಿಗಳ ಬಾಟಲಿ, ಮೂರು ಪಟ್ಟು ಗಾಢ. ಹಾಗಾಗಿ ದಿನಾ ಅವಳ ಹೊಟ್ಟೆಗೆ ಹೋಗಿದ್ದು 0.54 ಮಿ.ಗ್ರಾಂ. ಯೂನಿಟ್ ಬರೆಯದಿದ್ರೆ ಮಾರ್ಕ್ಸ್ ಇಲ್ಲ ಅಂತ ಇಂಜಿನಿಯರಿಂಗ್‌ನಲ್ಲಿ ನಾಲ್ಕು ವರ್ಷ ಬೈಸಿಕೊಂಡವನು ನಾನು. ನನ್ನ ಕೈಯಲ್ಲೇ ಇದ್ದ ಬಾಟಲಿಯ ಯೂನಿಟ್ ನೋಡಿರಲಿಲ್ಲ.

ಬೆಳಗ್ಗೆ ಕ್ಲಿನಿಕ್ ತೆರೆಯುವ ಮುಂಚೆಯೇ ಬಾಗಿಲಲ್ಲಿ ನಿಂತಿದ್ದೆ. ಡಾಕ್ಟರ್ ಬಾಟಲಿ ನೋಡಿದ್ರು, ಚೀಟಿ ನೋಡಿದ್ರು, ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ, “ಇದು ನಮ್ಮ ತಪ್ಪು. ನಾನು ಬರೆದಿದ್ದು ಬೆಕ್ಕಿನ ಬಾಟಲಿ ಲೆಕ್ಕದಲ್ಲಿ, ಕೊಟ್ಟಿದ್ದು ನಾಯಿಯದ್ದು. ಕೊಡೋ ಮುಂಚೆ ನಾನು ನೋಡ್ಬೇಕಿತ್ತು” ಅಂದರು. ಅದನ್ನೇ ಕೇಸ್ ಶೀಟ್‌ನಲ್ಲೂ ಬರೆದರು. ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಏರಿತ್ತು, ಕಿಡ್ನಿಗೆ ಪೆಟ್ಟು ಬಿದ್ದಿತ್ತು. ನಾಲ್ಕು ದಿನ ಡ್ರಿಪ್. ಬೆಲ್ಲಿ ಉಳಿದಳು.

ಆ ನಾಲ್ಕು ದಿನ ಗೆಳೆಯರೆಲ್ಲ ಹೇಳಿದ್ದು ಒಂದೇ: “ರಿವ್ಯೂ ಹಾಕು, ಮಾನ ಕಳೀ, ಆ ಕಡೆ ತಲೆ ಹಾಕಬೇಡ.” ನನಗೂ ಸಿಟ್ಟಿತ್ತು. ಬರೆದೂ ಇಟ್ಟಿದ್ದೆ. ಆದರೆ ಪೋಸ್ಟ್ ಮಾಡುವ ಮುಂಚೆ, ಇಂಥ ತಪ್ಪು ಯಾಕೆ ಆಗುತ್ತೆ ಅಂತ ಅರ್ಥ ಮಾಡಿಕೊಳ್ಳಬೇಕು ಅನ್ನಿಸಿತು.

ತಪ್ಪು ಹುಟ್ಟುವುದು ಎಲ್ಲಿ?

ನಮ್ಮ ವೈದ್ಯರಿಗೆ ಒಂದೇ ಜಾತಿಯ ಪ್ರಾಣಿ, ಮನುಷ್ಯ. ಪಶುವೈದ್ಯರಿಗೆ ಬೆಳಗ್ಗೆ ಎರಡು ಕೆ.ಜಿ. ಮರಿ, ಮಧ್ಯಾಹ್ನ ನಲವತ್ತು ಕೆ.ಜಿ. ನಾಯಿ, ಸಂಜೆ ನಾನೂರು ಕೆ.ಜಿ. ಹಸು. ತೂಕ ಮಾತ್ರ ಬದಲಾಗಲ್ಲ, ದೇಹದ ಕೆಮಿಸ್ಟ್ರಿಯೇ ಬೇರೆ. ನಾವು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಬೆಕ್ಕನ್ನು ಕೊಲ್ಲಬಲ್ಲದು, ಯಾಕಂದ್ರೆ ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರ್‌ಗೆ ತೀರಾ ಕಡಿಮೆ. ಒಂದು ನಿರ್ದಿಷ್ಟ ಜೀನ್ ದೋಷ ಇರುವ ಕೋಲಿ ಜಾತಿಯ ನಾಯಿಗಳಿಗೆ ಹುಳದ ಔಷಧ ಐವರ್‌ಮೆಕ್ಟಿನ್ ಹೆಚ್ಚಿನ ಡೋಸ್‌ನಲ್ಲಿ ಸೀದಾ ಮೆದುಳಿಗೆ ಏರುತ್ತದೆ. ಹಾಲುಜ್ವರ ಬಂದ ಹಸುವಿಗೆ ಕ್ಯಾಲ್ಸಿಯಂ ಜೀವ ಉಳಿಸುತ್ತದೆ. ಅದನ್ನೇ ರಕ್ತನಾಳಕ್ಕೆ ಅವಸರದಲ್ಲಿ ಏರಿಸಿದರೆ ಹೃದಯ ನಿಂತುಹೋಗಬಹುದು.

ಎರಡನೆಯದು, ಕಾವಲು ಕಡಿಮೆ. ಮನುಷ್ಯರ ದೊಡ್ಡ ಆಸ್ಪತ್ರೆಯಲ್ಲಿ ವೈದ್ಯರು ಬರೆದದ್ದನ್ನು ಫಾರ್ಮಸಿಸ್ಟ್ ನೋಡ್ತಾರೆ, ನರ್ಸ್ ನೋಡ್ತಾರೆ, ರೋಗಿಯೂ “ಇದು ನನ್ನ ಮಾತ್ರೆ ಅಲ್ಲ” ಅಂತಾನೆ. ಸಣ್ಣ ಪಶು ಕ್ಲಿನಿಕ್ಕಿನಲ್ಲಿ ಎಷ್ಟೋ ಸಲ ಬರೆಯುವವರು, ಕೊಡುವವರು, ಚುಚ್ಚುವವರು ಎಲ್ಲ ಒಬ್ಬರೇ ಅಥವಾ ಇಬ್ಬರೇ. ರೋಗಿಗೆ ಮಾತಿಲ್ಲ.

ಮೂರನೆಯದು, ದಶಮಾಂಶ ಬಿಂದು. ‘.5’ ಅಂತ ಬರೆದರೆ 5 ಅಂತ ಓದಬಹುದು, ‘5.0’ ಅಂತ ಬರೆದರೆ 50 ಅಂತ. ಅದಕ್ಕೇ ಔಷಧ ಸುರಕ್ಷತೆಯ ಮೊದಲ ಪಾಠ: ಬಿಂದುವಿನ ಮುಂಚೆ ಸೊನ್ನೆ ಬಿಡಬೇಡಿ, ಕೊನೆಯಲ್ಲಿ ಸುಮ್ಮನೆ ಸೊನ್ನೆ ಹಾಕಬೇಡಿ.

ಬಡ ಕ್ಲಿನಿಕ್ಕುಗಳಲ್ಲಿ ಮಾತ್ರ ಹೀಗೆ ಅಂದುಕೊಳ್ಳಬೇಡಿ. 2009ರ ಏಪ್ರಿಲ್‌ನಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಪೋಲೊ ಪಂದ್ಯಕ್ಕೆ ಸಜ್ಜಾಗಿದ್ದ, ಕೋಟಿಗಟ್ಟಲೆ ಬೆಲೆಬಾಳುವ 21 ಕುದುರೆಗಳು ಸತ್ತವು. ಅವಕ್ಕೆ ಕೊಟ್ಟಿದ್ದ ಪೂರಕ ಇಂಜೆಕ್ಷನ್ನಿನಲ್ಲಿ ಒಂದು ಅಂಶದ ಪ್ರಮಾಣ ತಪ್ಪಾಗಿತ್ತು ಅಂತ ಅದನ್ನು ತಯಾರಿಸಿದ ಫಾರ್ಮಸಿಯೇ ಒಪ್ಪಿಕೊಂಡಿತು. ಸತ್ತ ಕುದುರೆಗಳ ದೇಹದಲ್ಲಿ ಸೆಲೆನಿಯಂ ವಿಪರೀತವಾಗಿತ್ತು.

ಕೆಟ್ಟದ್ದಾಗಿದ್ದೆಲ್ಲ ತಪ್ಪಲ್ಲ

ನಮ್ಮ ಸಿಟ್ಟು ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬುತ್ತದೆ. ಅದನ್ನು ನಾಲ್ಕಾಗಿ ಬಿಡಿಸಿಕೊಂಡು ನೋಡಬೇಕು.

ಒಂದು, ಅಡ್ಡಪರಿಣಾಮ. ಸರಿಯಾದ ಔಷಧ, ಸರಿಯಾದ ಡೋಸ್, ಆದರೂ ದೇಹ ಒಪ್ಪಲಿಲ್ಲ. ಇದೇ ಮೆಲಾಕ್ಸಿಕ್ಯಾಮ್ ನೋಡಿ. ಬೆಕ್ಕುಗಳಿಗೆ ಪದೇ ಪದೇ ಕೊಟ್ಟರೆ ಕಿಡ್ನಿ ವಿಫಲವಾಗಿ ಸಾಯಬಹುದು ಅಂತ ಅಮೆರಿಕದಲ್ಲಿ ಲೇಬಲ್ ಮೇಲೆ ಕಡ್ಡಾಯ ಎಚ್ಚರಿಕೆ ಇದೆ. ಯುರೋಪಿನಲ್ಲಿ ಅದೇ ಔಷಧವನ್ನು ಕಡಿಮೆ ಡೋಸ್‌ನಲ್ಲಿ ದೀರ್ಘಕಾಲ ಕೊಡಲು ಅನುಮತಿ ಇದೆ. ಹಾಗಾಗಿ ‘ಬೆಕ್ಕಿಗೆ ಮೆಲಾಕ್ಸಿಕ್ಯಾಮ್ ಕೊಟ್ಟರು’ ಅನ್ನೋದೇ ಅಪರಾಧ ಆಗಲ್ಲ.

ಎರಡು, ತಪ್ಪು. ಬೆಲ್ಲಿಗೆ ಆಗಿದ್ದು ಇದು. ಕೈ ತಪ್ಪಿ ಆಗುವಂಥದ್ದು, ಆದರೆ ತಡೆಯಬಹುದಾದದ್ದು.

ಮೂರು, ನಿರ್ಲಕ್ಷ್ಯ. ತೂಕ ನೋಡದೆ, ಗರ್ಭ ಇದೆಯಾ ಅಂತ ಕೇಳದೆ, ಗೊತ್ತಿಲ್ಲದ ಕೆಲಸಕ್ಕೆ ಕೈ ಹಾಕುವುದು. ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ (2005) ಸುಪ್ರೀಂ ಕೋರ್ಟ್ ಮನುಷ್ಯರ ವೈದ್ಯರ ಬಗ್ಗೆ ಹೇಳಿದ ಮಾತು ಇಲ್ಲೂ ದಾರಿದೀಪ: ನಿರ್ಧಾರದಲ್ಲಿ ಎಡವಿದ್ದೆಲ್ಲ ನಿರ್ಲಕ್ಷ್ಯವಲ್ಲ, ಸಾಮಾನ್ಯ ಕೌಶಲವುಳ್ಳ ವೈದ್ಯ ಮಾಡುವಷ್ಟನ್ನೂ ಮಾಡಿದ್ದಾರಾ ಅನ್ನೋದು ಪ್ರಶ್ನೆ.

ನಾಲ್ಕು, ಮುಚ್ಚಿಡುವುದು. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ದೊಡ್ಡದು. ತಪ್ಪನ್ನು ಒಪ್ಪಿಕೊಂಡರೆ ಚಿಕಿತ್ಸೆ ಶುರುವಾಗುತ್ತದೆ. ಮುಚ್ಚಿಟ್ಟರೆ ಪ್ರಾಣಿಗೆ ಬೇಕಾದ ಮೊದಲ ಕೆಲವು ಗಂಟೆಗಳೇ ಕಳೆದುಹೋಗುತ್ತವೆ.

ಹಾಗಾಗಿ ಆ ಡಾಕ್ಟರ ಬಳಿ ಮತ್ತೆ ಹೋಗಬೇಕಾ ಅಂತ ನಿರ್ಧರಿಸಲು ನಾನು ಕೇಳಿಕೊಂಡ ಪ್ರಶ್ನೆಗಳು ಇವು: ಏನಾಯ್ತು ಅಂತ ಪೂರ್ತಿ ಹೇಳಿದರಾ? ದಾಖಲೆಯಲ್ಲಿ ಬರೆದರಾ? ಬೇರೆಯವರ ಅಭಿಪ್ರಾಯ ಕೇಳ್ತೀನಿ ಅಂದಾಗ ರಿಪೋರ್ಟ್‌ಗಳನ್ನೆಲ್ಲ ಕೊಟ್ಟರಾ? ಮುಂದಿನ ಬೆಕ್ಕಿಗೆ ಹೀಗಾಗದಂತೆ ಏನಾದರೂ ಬದಲಾಯಿಸಿದರಾ? ಮೊದಲ ಮೂರಕ್ಕೆ ಅವತ್ತೇ ಉತ್ತರ ಸಿಕ್ಕಿತ್ತು. ಎರಡು ವಾರದ ನಂತರ ಮರುಪರೀಕ್ಷೆಗೆ ಹೋದಾಗ ನಾಲ್ಕನೆಯದೂ ಕಂಡಿತು. ಬೆಕ್ಕಿನ ಔಷಧ, ನಾಯಿಯ ಔಷಧ ಬೇರೆ ಬೇರೆ ಕಪಾಟಿಗೆ ಹೋಗಿದ್ದವು. ಚೀಟಿಯಲ್ಲಿ ಮಿ.ಲೀ. ಜೊತೆ ಮಿ.ಗ್ರಾಂ ಮತ್ತು ಬಾಟಲಿಯ ಸಾಂದ್ರತೆಯನ್ನೂ ಬರೆಯುತ್ತಿದ್ದರು. ಬರೆದಿಟ್ಟಿದ್ದ ರಿವ್ಯೂ ಅಳಿಸಿದೆ. ಅದೇ ಡಾಕ್ಟರ ಹತ್ತಿರ ಈಗಲೂ ಹೋಗ್ತೀನಿ.

ಕಥೆ ಇಲ್ಲಿಗೆ ಮುಗಿದಿದ್ದರೆ ಇದು ಒಂದು ಬೆಕ್ಕಿನ ಕಥೆ. ನನಗೆ ನಂಬುವ, ನಂಬದಿರುವ ಆಯ್ಕೆ ಇತ್ತು. ನಮ್ಮ ಏರಿಯಾದಲ್ಲೇ ಇನ್ನೂ ನಾಲ್ಕು ಕ್ಲಿನಿಕ್ಕುಗಳಿವೆ.

ಚಿಕ್ಕಮ್ಮನ ಹಸು

ತುಮಕೂರು ಜಿಲ್ಲೆಯ ನಮ್ಮೂರಲ್ಲಿ ಚಿಕ್ಕಮ್ಮನಿಗೆ ಎರಡು ಹಸು. ಡೇರಿಗೆ ಹಾಕುವ ಹಾಲಿನ ದುಡ್ಡೇ ಮನೆ ಖರ್ಚು. ಎರಡು ವರ್ಷದ ಹಿಂದೆ ಏಳು ತಿಂಗಳ ಗಬ್ಬದ ಹಸುವಿಗೆ ಜ್ವರ ಬಂತು. ಹೋಬಳಿಯ ಪಶು ಆಸ್ಪತ್ರೆಯಲ್ಲಿ ಆಗ ವೈದ್ಯರ ಹುದ್ದೆ ಖಾಲಿ. ರಾತ್ರಿ ಬೈಕಿನಲ್ಲಿ ಬಂದವನು ಡಾಕ್ಟರ್ ಅಲ್ಲ, ಆದರೆ ಊರಿಗೆಲ್ಲ ಅವನೇ ‘ಡಾಕ್ಟ್ರು’. ಎರಡು ಇಂಜೆಕ್ಷನ್ ಚುಚ್ಚಿ, ದುಡ್ಡು ತಗೊಂಡು ಹೋದ. ಚೀಟಿ ಇಲ್ಲ. ಮೂರನೇ ದಿನ ಹಸು ಕಂದು ಹಾಕಿತು.

ಚಿಕ್ಕಮ್ಮನ ಮಗ ತಿಪ್ಪೆಯಿಂದ ಖಾಲಿ ವಯಲ್ ಹುಡುಕಿ ತೆಗೆದು ನನಗೆ ಫೋಟೊ ಕಳಿಸಿದ. ಡೆಕ್ಸಾಮೆಥಾಸೋನ್. ಗಬ್ಬದ ಕೊನೆಯ ತಿಂಗಳುಗಳಲ್ಲಿರುವ ಹಸುವಿಗೆ ಈ ಸ್ಟೀರಾಯ್ಡ್ ಕೊಟ್ಟರೆ ಗರ್ಭಪಾತ ಆಗಬಹುದು. ಬೇಕೆಂದೇ ಹೆರಿಗೆ ಮಾಡಿಸಲು ವೈದ್ಯರು ಬಳಸುವುದೂ ಇದನ್ನೇ. ಹಾಗಂತ ಕಂದು ಹಾಕಿದ್ದು ಅದರಿಂದಲೇ ಅಂತ ನಾನು ಆಣೆ ಮಾಡಲಾರೆ. ಜ್ವರ ತಂದ ಸೋಂಕೇ ಕಾರಣ ಇರಬಹುದು. ಯಾವ ಔಷಧ, ಎಷ್ಟು, ಯಾಕೆ ಅಂತ ಒಂದು ಸಾಲೂ ಬರೆದಿಲ್ಲದಾಗ ಸತ್ಯ ತಿಳಿಯುವ ದಾರಿಯೇ ಇರಲ್ಲ. ಕೇಳಿದ್ದಕ್ಕೆ ಅವನು ಹೇಳಿದ್ದು, “ನಿಮ್ ಹಸಾನೇ ವೀಕ್ ಇತ್ತು.”

ಮುಂದಿನ ತಿಂಗಳು ಇನ್ನೊಂದು ಹಸುವಿನ ಕೆಚ್ಚಲು ಬಾತಾಗ ಚಿಕ್ಕಮ್ಮ ಮತ್ತೆ ಅವನನ್ನೇ ಕರೆದರು. ನಾನು ಫೋನಲ್ಲಿ ರೇಗಿದೆ. “ಇನ್ಯಾರನ್ನ ಕರೀಲಪ್ಪ? ರಾತ್ರಿ ಹತ್ತು ಗಂಟೆಗೆ ಬರೋನು ಅವನೊಬ್ನೇ” ಅಂದರು. ನಾನು ನಾಲ್ಕು ಪ್ರಶ್ನೆ ಕೇಳಿ, ತೂಗಿ ನೋಡಿ ನಂಬಿದ್ದೆ. ಚಿಕ್ಕಮ್ಮ ನಂಬಿಕೆ ಇಲ್ಲದೆಯೂ ಬಾಗಿಲು ತೆರೆಯಬೇಕಿತ್ತು.

ಕಾನೂನು ಏನು ಹೇಳುತ್ತೆ?

ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆ, 1984ರ ಪ್ರಕಾರ ಪ್ರಾಣಿಗಳಿಗೆ ಚಿಕಿತ್ಸೆ ಕೊಡುವ ಹಕ್ಕು ನೋಂದಾಯಿತ ಪಶುವೈದ್ಯರದ್ದು. ಡಿಪ್ಲೊಮಾ ಅಥವಾ ತರಬೇತಿ ಪಡೆದ ಇತರರು ಸರ್ಕಾರ ಅನುಮತಿಸಿದ ಸಣ್ಣಪುಟ್ಟ ಸೇವೆ ಕೊಡಬಹುದು, ಅದೂ ನೋಂದಾಯಿತ ವೈದ್ಯರ ಮೇಲ್ವಿಚಾರಣೆಯಲ್ಲಿ. ನೋಂದಾಯಿತ ವೈದ್ಯರ ವೃತ್ತಿ ನಡತೆಯ ಬಗ್ಗೆ ಕರ್ನಾಟಕ ಪಶುವೈದ್ಯ ಪರಿಷತ್ತಿಗೆ ದೂರು ಕೊಡಬಹುದು. ದುಡ್ಡು ಕೊಟ್ಟು ಪಡೆದ ಚಿಕಿತ್ಸೆಯಲ್ಲಿ ಲೋಪವಾದರೆ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿ ಎರಡು ವರ್ಷದೊಳಗೆ ಜಿಲ್ಲಾ ಆಯೋಗಕ್ಕೆ ಹೋಗಬಹುದು. ನೀವು ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿ ದಾಟದಿದ್ದರೆ ದೂರಿಗೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ.

ಈಗ ಇದನ್ನು ಚಿಕ್ಕಮ್ಮನಿಗೆ ಅನ್ವಯಿಸಿ ನೋಡಿ. ಬೈಕಿನವನು ನೋಂದಾಯಿತನಲ್ಲ, ಹಾಗಾಗಿ ಪರಿಷತ್ತಿನ ಶಿಸ್ತು ಅವನಿಗೆ ತಟ್ಟಲ್ಲ. ರಸೀದಿ ಇಲ್ಲ, ಹಾಗಾಗಿ ಗ್ರಾಹಕ ಆಯೋಗದಲ್ಲಿ ತೋರಿಸಲು ಏನೂ ಇಲ್ಲ. ಎಲ್ಲರಿಗೂ ಉಚಿತವಾಗಿ ಸಿಗುವ ಸರ್ಕಾರಿ ಸೇವೆ ಗ್ರಾಹಕ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ, ಮನುಷ್ಯರ ಆಸ್ಪತ್ರೆಗಳ ಪ್ರಕರಣದಲ್ಲಿ, ಹೇಳಿದೆ. ಕಾನೂನು ಚೀಟಿ ಇರುವವರ ಕಡೆ ಇದೆ. ಹಳ್ಳಿಯಲ್ಲಿ ಇಲ್ಲದಿರುವುದೇ ಆ ಚೀಟಿ.

ವ್ಯವಸ್ಥೆ ಬದಲಾಯಿಸಿದರೆ ತಪ್ಪು ಕಡಿಮೆಯಾಗುತ್ತಾ? ನಮ್ಮ ರಣಹದ್ದುಗಳನ್ನು ಕೇಳಿ. ಡೈಕ್ಲೋಫೆನಾಕ್ ಕೊಟ್ಟ ದನಗಳ ಹೆಣ ತಿಂದು ಅವು ಸಾಯುತ್ತಿವೆ ಅಂತ ಗೊತ್ತಾದ ಮೇಲೆ 2006ರಲ್ಲಿ ಅದನ್ನು ಪಶುಗಳಿಗೆ ಬಳಸುವುದು ನಿಷೇಧವಾಯಿತು. ಆದರೂ ಮನುಷ್ಯರಿಗೆಂದು ಬರುತ್ತಿದ್ದ ದೊಡ್ಡ ವಯಲ್‌ಗಳು ದನದ ಕೊಟ್ಟಿಗೆ ಸೇರುತ್ತಲೇ ಇದ್ದವು. 2015ರಲ್ಲಿ ಸರ್ಕಾರ ಮನುಷ್ಯರ ಇಂಜೆಕ್ಷನ್ ವಯಲ್ಲನ್ನು 3 ಮಿ.ಲೀ.ಗೆ ಇಳಿಸಿತು. ಹಸುವಿಗೆ ಸಾಲುವಷ್ಟು ಔಷಧಕ್ಕೆ ಹಲವು ವಯಲ್ ಒಡೆಯಬೇಕು. ಯಾರಿಗೂ ಉಪದೇಶ ಮಾಡದೆ, ತಪ್ಪು ಮಾಡುವುದನ್ನೇ ಕಷ್ಟದ ಕೆಲಸ ಮಾಡಿದರು. ಇಂಜಿನಿಯರ್‌ಗಳು ಇದಕ್ಕೇ ಡಿಸೈನ್ ಅನ್ನೋದು.

ಪಶು ಚಿಕಿತ್ಸೆಗೂ ಅಂಥದ್ದೇ ಬೇಕು. ಪ್ರತಿ ಇಂಜೆಕ್ಷನ್ನಿಗೂ ಹೆಸರು, ಡೋಸ್ ಬರೆದ ಚೀಟಿ ಕೊಡುವುದು ಕಡ್ಡಾಯವಾಗಲಿ. ಬ್ರಿಟನ್ನಿನ ಪಶುವೈದ್ಯರಿಗೆ ಇರುವಂತೆ, ಶಿಕ್ಷೆಯ ಭಯವಿಲ್ಲದೆ ತಪ್ಪುಗಳನ್ನು ಗುಟ್ಟಾಗಿ ವರದಿ ಮಾಡುವ ವ್ಯವಸ್ಥೆ ಇಲ್ಲೂ ಬರಲಿ. ಎಲ್ಲಕ್ಕಿಂತ ಮೊದಲು ಖಾಲಿ ಹುದ್ದೆ ತುಂಬಲಿ. ನಿಮ್ಮ ಶಾಸಕರನ್ನು ರಸ್ತೆ, ಚರಂಡಿ ಬಗ್ಗೆ ಕೇಳುವಾಗ ಹೋಬಳಿಯ ಪಶು ಆಸ್ಪತ್ರೆಯಲ್ಲಿ ಡಾಕ್ಟರ್ ಇದ್ದಾರಾ ಅಂತಾನೂ ಕೇಳಿ.

ಅಲ್ಲೀವರೆಗೆ ನಾವು ಮಾಡಬಹುದಾದದ್ದು ಇಷ್ಟು. ತೂಕ ಹಾಕಿಸಿ. ಔಷಧದ ಹೆಸರು, ಮಿ.ಗ್ರಾಂ, ಮಿ.ಲೀ. ಮೂರನ್ನೂ ಬರೆಸಿಕೊಳ್ಳಿ. ಕೌಂಟರ್‌ನಲ್ಲೇ ಲೇಬಲ್ ಗಟ್ಟಿಯಾಗಿ ಓದಿ. ಗಬ್ಬ ಇದ್ದರೆ, ಬೇರೆ ಔಷಧ ನಡೀತಾ ಇದ್ದರೆ ಕೇಳದಿದ್ದರೂ ಹೇಳಿ. ಅನುಮಾನ ಬಂದರೆ ಮುಂದಿನ ಡೋಸ್ ಹಾಕುವ ಮುಂಚೆ ಫೋನ್ ಮಾಡಿ. ಖಾಲಿ ಬಾಟಲಿ, ವಯಲ್ ಎಸೆಯಬೇಡಿ.

ಚಿಕ್ಕಮ್ಮನ ಕೊಟ್ಟಿಗೆಯ ಕಂಬಕ್ಕೆ ಪಶು ಚಿಕಿತ್ಸೆಯ ಸಹಾಯವಾಣಿ 1962 ನಂಬರ್ ಅಂಟಿಸಿ ಬಂದಿದ್ದೇನೆ. ಕಳೆದ ಸಲ ಹೋದಾಗ ಅದರ ಪಕ್ಕದ ಮೊಳೆಗೆ ಒಂದು ಪ್ಲಾಸ್ಟಿಕ್ ಕವರ್ ನೇತುಹಾಕಿದ್ದರು. ಒಳಗೆ ಖಾಲಿ ವಯಲ್‌ಗಳು, ಜೊತೆಗೆ ಬೈಕಿನವನ ವಕ್ರ ಅಕ್ಷರದ ಎರಡು ಚೀಟಿ. “ಬರ್ದು ಕೊಡ್ದೆ ಇದ್ರೆ ದುಡ್ಡು ಕೊಡಲ್ಲ ಅಂದೆ ಕಣಪ್ಪ” ಅಂದರು.