ದುಡಿಯುವ ಕೈ, ಆಲಿಸುವ ಕಿವಿ

(ಬಾನುಲಿ ಭಾಷಣ)

ಕಣ್ಣಿಗೆ ರೆಪ್ಪೆಯುಂಟು, ಕಿವಿಗೆ ಇಲ್ಲ. ಶರೀರರಚನೆಯ ಈ ಸಣ್ಣ ಸಂಗತಿಯಿಂದ ದೊಡ್ಡ ಪರಿಣಾಮಗಳು ಹುಟ್ಟಿವೆ. ಓದಬೇಕೆನ್ನುವವನು ತನ್ನ ಕಣ್ಣನ್ನೂ ಕೈಯನ್ನೂ ಪುಸ್ತಕಕ್ಕೆ ಒತ್ತೆಯಿಡಬೇಕು. ಕುಳಿತುಕೊಳ್ಳಲು ಸ್ಥಳ, ಸಾಕಷ್ಟು ಬೆಳಕು, ಎಲ್ಲಕ್ಕಿಂತ ಮಿಗಿಲಾಗಿ ಬಿಡುವು ಬೇಕು. ಕೇಳುವವನಿಗೆ ಇವಾವುವೂ ಬೇಡ. ಈಗ ನನ್ನ ಮಾತನ್ನು ಆಲಿಸುತ್ತಿರುವ ನಿಮ್ಮಲ್ಲಿ ಕೆಲವರು ಅವರೆಕಾಯಿ ಸುಲಿಯುತ್ತಿರಬಹುದು, ಕೆಲವರು ಬಟ್ಟೆ ಮಡಿಸಿಡುತ್ತಿರಬಹುದು. ಅದರಿಂದ ನನಗೆ ಬೇಸರವೇನೂ ಇಲ್ಲ. ಬಾನುಲಿಯಲ್ಲಿ ಮಾತನಾಡುವವನು ಕೇಳುಗರ ಅರ್ಧ ಗಮನವನ್ನು ಬೇಡಿ ಪಡೆಯುವವನು. ಪೂರ್ಣ ಗಮನ ದೊರೆತರೆ ಅದು ಅವನ ಪುಣ್ಯ.

ಈ ಅರ್ಧ ಗಮನಕ್ಕೆ ಇತ್ತೀಚಿನ ವರ್ಷಗಳಲ್ಲಿ ಹೊಸ ಹಕ್ಕುದಾರನೊಬ್ಬ ಬಂದಿದ್ದಾನೆ. ಪಾಡ್‌ಕಾಸ್ಟ್ ಎಂದು ಅವನ ಹೆಸರು. ಬಸ್ಸಿನಲ್ಲಿ ನಿಂತವರ, ಅಡಿಗೆಮನೆಯಲ್ಲಿ ದುಡಿಯುವವರ, ಮುಂಜಾನೆ ನಡೆಯಲು ಹೊರಟವರ ಕಿವಿಯಲ್ಲಿ ಅವನು ಮಾತನಾಡುತ್ತಿದ್ದಾನೆ. ವಿಶೇಷವೇನೆಂದರೆ, ಹೀಗೆ ಕೆಲಸದ ನಡುವೆ ಕೇಳುವ ಮಾತುಗಳಲ್ಲಿ ಕೆಲಸವನ್ನೇ ಕುರಿತ ಮಾತುಗಳ ಪಾಲು ದೊಡ್ಡದು. ಇದನ್ನು ಹೊಸ ತಲೆಮಾರಿನ ಚಾಳಿಯೆಂದು ನನ್ನ ವಯಸ್ಸಿನವರು ಹುಬ್ಬು ಗಂಟಿಕ್ಕುವುದನ್ನು ಕಂಡಿದ್ದೇನೆ. ಆದರೆ ದುಡಿಯುತ್ತ ಕೇಳುವ ಪದ್ಧತಿ ಬಹು ಹಳೆಯದು. ಹೊಸದಾಗಿರುವುದು ಬೇರೊಂದು, ಅದು ಯಾವುದೆಂದು ವಿಚಾರಿಸುವುದು ಈ ಭಾಷಣದ ಉದ್ದೇಶ.

ಮೊದಲು ಆ ಶಬ್ದವನ್ನು ನೋಡೋಣ. ಇಂಗ್ಲಿಷಿನ ‘ಬ್ರಾಡ್‌ಕಾಸ್ಟ್’ ಮೂಲತಃ ಒಕ್ಕಲುತನದ ಮಾತು. ಬೀಜವನ್ನು ಕೈಯಲ್ಲಿ ಹಿಡಿದು ಹೊಲದ ತುಂಬ ಎರಚುವುದಕ್ಕೆ ಆ ಹೆಸರು. ಬಾನುಲಿಯೂ ಹಾಗೆಯೇ ಮಾತನ್ನು ಎರಚುತ್ತದೆ; ಎಲ್ಲಿ ಬಿತ್ತು, ಎಲ್ಲಿ ಮೊಳೆಯಿತು ಎಂಬುದು ಎರಚಿದವನಿಗೆ ತಿಳಿಯದು. 2001ರಲ್ಲಿ ಆಪಲ್ ಸಂಸ್ಥೆ ‘ಐಪಾಡ್’ ಎಂಬ ಅಂಗೈಯಗಲದ ಯಂತ್ರವನ್ನು ಮಾರುಕಟ್ಟೆಗೆ ತಂದಿತು. 2004ರಲ್ಲಿ ಬೆನ್ ಹ್ಯಾಮರ್ಸ್ಲಿ ಎಂಬ ಪತ್ರಕರ್ತರು ಲಂಡನ್ನಿನ ‘ಗಾರ್ಡಿಯನ್’ ಪತ್ರಿಕೆಯ ಲೇಖನವೊಂದರಲ್ಲಿ ಆ ಯಂತ್ರದ ಹೆಸರಿನ ಬಾಲವನ್ನೂ ಬ್ರಾಡ್‌ಕಾಸ್ಟಿನ ಬಾಲವನ್ನೂ ಜೋಡಿಸಿ ಪಾಡ್‌ಕಾಸ್ಟ್ ಎಂಬ ಪದವನ್ನು ಟಂಕಿಸಿದರು. 2022ರಲ್ಲಿ ಐಪಾಡಿನ ತಯಾರಿಕೆಯೇ ನಿಂತಿತು. ಹೆಸರು ಮಾತ್ರ ಉಳಿಯಿತು. ಶಬ್ದಗಳ ಚರಿತ್ರೆಯಲ್ಲಿ ಇಂಥದು ಅಪರೂಪವಲ್ಲ.

ಅದರ ವ್ಯವಸ್ಥೆ ಸರಳವಾದದ್ದು. ಮಾತನ್ನು ಮುದ್ರಿಸಿ ಅಂತರ್ಜಾಲದ ಒಂದು ಸ್ಥಳದಲ್ಲಿ ಇಡುತ್ತಾರೆ. ಜೊತೆಗೆ, ಹೊಸ ಕಂತು ಬಂದಾಗಲೆಲ್ಲ ಬೆಳೆಯುವ ಒಂದು ಪಟ್ಟಿಯಿರುತ್ತದೆ. ಕೇಳುಗನ ಫೋನು ಆಗಾಗ ಆ ಪಟ್ಟಿಯನ್ನು ನೋಡಿ, ಹೊಸದೇನಾದರೂ ಇದ್ದರೆ ತಾನೇ ತಂದಿಟ್ಟುಕೊಳ್ಳುತ್ತದೆ. ವಾರಪತ್ರಿಕೆಗೆ ಚಂದಾ ಕಟ್ಟಿದಂತೆ ಎಂದರೆ ತಪ್ಪಾಗದು. ಬಾನುಲಿಯದು ಎರಚು ಬಿತ್ತನೆಯಾದರೆ ಇದು ಕೂರಿಗೆಯ ಬಿತ್ತನೆ. ಒಂದೊಂದು ಕಾಳೂ ತನ್ನ ಕೊಳವೆಯಲ್ಲಿ ಇಳಿದು ತನ್ನ ಸಾಲಿಗೇ ಬೀಳುತ್ತದೆ. ನಮ್ಮ ದೇಶದಲ್ಲಿ 2016ರ ತರುವಾಯ ಅಂತರ್ಜಾಲದ ದರ ಇಳಿದು ಈ ಕೂರಿಗೆ ಸಾಮಾನ್ಯರ ಹೊಲಕ್ಕೂ ಬಂದಿತು. ಕನ್ನಡದಲ್ಲಿಯೂ ‘ತಲೆ-ಹರಟೆ’ ಮೊದಲಾದ ಪಾಡ್‌ಕಾಸ್ಟ್‌ಗಳು ಹುಟ್ಟಿಕೊಂಡಿವೆ.

ಇನ್ನು ಹಳೆಯ ಪದ್ಧತಿಯ ವಿಚಾರ. ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಹೊರತಂದಾಗ ಕನ್ನಡದ ವಿದ್ವಾಂಸರಿಗೆ ಆದ ಆನಂದವನ್ನು ನಾವು ಸಾಹಿತ್ಯಚರಿತ್ರೆಯಲ್ಲಿ ಓದುತ್ತೇವೆ. ಆದರೆ ನಸುಕಿನಲ್ಲಿ ಎದ್ದು ಬೀಸುವ ಕಲ್ಲಿನ ಗೂಟ ಹಿಡಿದ ಹೆಂಗಸಿಗೆ ಆ ತ್ರಿಪದಿ ಸಾಹಿತ್ಯವಾಗಿರಲಿಲ್ಲ. ಅದು ದುಡಿಮೆಯ ಒಂದು ಉಪಕರಣ. ಕಲ್ಲಿನ ಸುತ್ತಿಗೂ ಪದದ ಸಾಲಿಗೂ ಒಂದೇ ಲಯ. ತವರನ್ನು ನೆನೆದಳು, ಕೂಸನ್ನು ಹರಸಿದಳು, ಕಲ್ಲನ್ನೇ ಕರೆದು ಮಾತನಾಡಿಸಿದಳು. ಅಷ್ಟರಲ್ಲಿ ಮೊರದ ಕಾಳು ಮುಗಿದು ಹಿಟ್ಟಾಗಿತ್ತು. ಇಲ್ಲಿ ಹಾಡುವವಳೂ ಕೇಳುವವಳೂ ದುಡಿಯುವವಳೂ ಒಬ್ಬಳೇ. ಎದುರು ಕುಳಿತು ಕೈಗೂಡಿಸಿದ ನಾದಿನಿಯೋ ನೆರೆಯವಳೋ ಇದ್ದರೆ ಇನ್ನೊಂದು ದನಿ ಸೇರುತ್ತಿತ್ತು. ವಿದ್ಯುತ್ತಿನ ಗಿರಣಿ ಬಂದು ಆ ತೋಳುಗಳಿಗೆ ವಿಶ್ರಾಂತಿ ಕೊಟ್ಟಿತು. ಅದು ಒಳ್ಳೆಯದೇ ಆಯಿತು. ಬೀಸಿ ಬೀಸಿ ಜಡ್ಡುಗಟ್ಟಿದ ಅಂಗೈಯನ್ನು ಕಂಡವರು ಆ ಕಾಲವನ್ನು ಹಿಂದಕ್ಕೆ ಕರೆಯಲಾರರು. ಗಿರಣಿಯ ಸದ್ದಿನಲ್ಲಿ ಪದ ಮಾತ್ರ ಕೇಳಿಸದೆ ಹೋಯಿತು.

ದುಡಿಯುವವರು ತಾವೇ ಹಾಡದೆ ಇನ್ನೊಬ್ಬರಿಂದ ಕೇಳಿಸಿಕೊಳ್ಳುವ ಏರ್ಪಾಡು ಅತ್ಯಂತ ಸೊಗಸಾಗಿ ಬೆಳೆದದ್ದು ಕ್ಯೂಬಾ ದ್ವೀಪದಲ್ಲಿ. ಅಲ್ಲಿನ ಹವಾನಾ ನಗರದ ಚುಟ್ಟಾ ಕಾರ್ಖಾನೆಗಳಲ್ಲಿ ನೂರಾರು ಮಂದಿ ಸಾಲುಮೇಜುಗಳ ಮುಂದೆ ಕುಳಿತು ಹೊಗೆಸೊಪ್ಪನ್ನು ಸುತ್ತುತ್ತಿದ್ದರು. ಕೈಗೆ ಬಿಡುವಿಲ್ಲ, ಆದರೆ ಯಂತ್ರದ ಗದ್ದಲವೂ ಇಲ್ಲ. 1865ರಲ್ಲಿ ‘ಎಲ್ ಫಿಗಾರೊ’ ಎಂಬ ಕಾರ್ಖಾನೆಯಲ್ಲಿ ಕೆಲಸದ ವೇಳೆ ಗಟ್ಟಿಯಾಗಿ ಓದಿ ಹೇಳುವ ಪದ್ಧತಿ ಆರಂಭವಾಯಿತು. ಮುಂದೆ ಇದೇ ಒಂದು ವೃತ್ತಿಯಾಯಿತು. ಎತ್ತರದ ಪೀಠದ ಮೇಲೆ ಕುಳಿತ ವಾಚಕ ಮೊದಲು ದಿನಪತ್ರಿಕೆಯನ್ನು, ಆಮೇಲೆ ಕಾದಂಬರಿಯನ್ನು ಓದುವನು. ಅವನ ಸಂಬಳವನ್ನು ಕೊಡುತ್ತಿದ್ದವರು ಮಾಲೀಕರಲ್ಲ, ಕೆಲಸಗಾರರು. ತಮ್ಮ ಕೂಲಿಯಿಂದ ವಂತಿಗೆ ಎತ್ತಿ ಕೊಡುತ್ತಿದ್ದರು. ಯಾವ ಕಾದಂಬರಿ ಓದಬೇಕೆಂಬುದನ್ನು ಮತ ಹಾಕಿ ನಿರ್ಧರಿಸುತ್ತಿದ್ದರು. ಓದು ಮೆಚ್ಚುಗೆಯಾದರೆ ಎಲೆ ಕತ್ತರಿಸುವ ಚೂರಿಯಿಂದ ಮೇಜನ್ನು ಕುಟ್ಟುವರು. ಅದೇ ಅವರ ಚಪ್ಪಾಳೆ. ನಮ್ಮ ಗಮಕಿಗಳಿಗೆ ಇಂಥ ಸಭೆ ದೊರೆತಿದ್ದರೆ ಎಂದು ಆಸೆಯಾಗುತ್ತದೆ.

ಹೀಗೆ ಅಕ್ಷರ ಬಾರದ ಕೂಲಿಗಾರನೂ ದೊಡ್ಡ ಕಾದಂಬರಿಗಳನ್ನು ಅರಿತವನಾದನು. ಆಳುವವರಿಗೆ ಇದು ಹಿಡಿಸಲಿಲ್ಲ. ಸ್ಪೇನಿನ ವಸಾಹತು ಸರಕಾರ 1866ರಲ್ಲಿಯೇ ಕಾರ್ಖಾನೆಯ ಓದನ್ನು ನಿಷೇಧಿಸಿತು. ನಿಷೇಧ ಸಡಿಲವಾದಾಗ ಓದು ಮತ್ತೆ ಚಿಗುರಿತು; ವಲಸೆ ಹೋದ ಕೆಲಸಗಾರರ ಜೊತೆ ಸಮುದ್ರ ದಾಟಿ ಅಮೆರಿಕದ ಫ್ಲಾರಿಡಾ ಪ್ರಾಂತದ ಟ್ಯಾಂಪಾ ನಗರಕ್ಕೂ ಹೋಯಿತು. ಅಲ್ಲಿ 1931ರಲ್ಲಿ, ಓದಿನ ನೆಪದಲ್ಲಿ ಕ್ರಾಂತಿಯ ವಿಚಾರ ಹರಡುತ್ತಿದೆಯೆಂದು ಹೇಳಿ ಮಾಲೀಕರು ವಾಚಕರನ್ನು ತೆಗೆದುಹಾಕಿದರು. ಕೆಲಸಗಾರರು ಮುಷ್ಕರ ಹೂಡಿದರೂ ಫಲವಾಗಲಿಲ್ಲ. ವಾಚಕನ ಪೀಠವಿದ್ದ ಕಾರ್ಖಾನೆಗೆ ರೇಡಿಯೋ ಬಂದಿತು. ಬಾನುಲಿಯ ಮುಂದೆ ಕುಳಿತು ಈ ಮಾತನ್ನು ಹೇಳುವಾಗ ನನಗೆ ಸ್ವಲ್ಪ ಸಂಕೋಚವಾಗುತ್ತದೆ. ಆದರೂ ನಡೆದದ್ದು ಹಾಗೆ. ಕ್ಯೂಬಾದಲ್ಲಿಯಾದರೋ ಈ ವಾಚಕವೃತ್ತಿ ಇಂದಿಗೂ ಉಳಿದಿದೆ.

ಇದಕ್ಕೆ ಪ್ರತಿಯಾಗಿ ಇಂಗ್ಲೆಂಡಿನ ಒಂದು ನಿದರ್ಶನವನ್ನು ಹೇಳಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1940ರಲ್ಲಿ, ಬಿಬಿಸಿ ಸಂಸ್ಥೆ ಕಾರ್ಖಾನೆಗಳಿಗಾಗಿ ‘ಮ್ಯೂಸಿಕ್ ವೈಲ್ ಯೂ ವರ್ಕ್’ ಎಂಬ ಸಂಗೀತ ಕಾರ್ಯಕ್ರಮವನ್ನು ಪ್ರಾರಂಭಿಸಿತು. ದಿನಕ್ಕೆರಡು ಬಾರಿ ಧ್ವನಿವರ್ಧಕಗಳಲ್ಲಿ ಅದು ಕೇಳಿಬರುತ್ತಿತ್ತು. ಬೇಸರ ಕಳೆಯಬೇಕು, ಉತ್ಪಾದನೆ ಹೆಚ್ಚಬೇಕು, ಇದು ಉದ್ದೇಶ. ಆದುದರಿಂದ ರಾಗದ ಆಯ್ಕೆಯಲ್ಲಿ ಬಿಗಿಯಾದ ಕಟ್ಟಳೆಗಳಿದ್ದವು. ನಡುನಡುವೆ ಚಪ್ಪಾಳೆ ಬರುವ ಒಂದು ಜನಪ್ರಿಯ ಅಮೆರಿಕನ್ ಹಾಡನ್ನು ಆ ಕಾರ್ಯಕ್ರಮದಿಂದ ಹೊರಗಿಟ್ಟರು. ಕೆಲಸಗಾರರು ಕೈಯಲ್ಲಿದ್ದ ಸಲಕರಣೆಗಳಿಂದ ಯಂತ್ರವನ್ನು ಕುಟ್ಟಿ ತಾಳ ಹಾಕಿಯಾರೆಂಬುದೇ ಕಾರಣ. ಹವಾನಾದಲ್ಲಿ ಚೂರಿಯಿಂದ ಮೇಜು ಕುಟ್ಟುವುದು ಕೇಳುಗನ ಹಕ್ಕು. ಇಲ್ಲಿ ಅದೇ ಕುಟ್ಟು ಅಪರಾಧ. ಒಂದು ಕಡೆ ದುಡಿಯುವವನು ತನ್ನ ಕಿವಿಗೆ ಬೇಕಾದ್ದನ್ನು ತಾನು ಆರಿಸಿಕೊಂಡ. ಇನ್ನೊಂದು ಕಡೆ ಅವನ ಕಿವಿಯನ್ನು ಬೇರೊಬ್ಬರು ಅವನ ಕೈಗೆ ಕೀಲೆಣ್ಣೆಯಾಗಿ ಬಳಸಿದರು. ದುಡಿಮೆ ಮತ್ತು ಶ್ರವಣಗಳ ಸಂಬಂಧದಲ್ಲಿ ಕೇಳಬೇಕಾದ ಮುಖ್ಯ ಪ್ರಶ್ನೆ ಇದೇ: ಕಿವಿ ಯಾರದು?

ಪಾಡ್‌ಕಾಸ್ಟು ಈ ಪ್ರಶ್ನೆಗೆ ಮೇಲ್ನೋಟಕ್ಕೆ ಒಳ್ಳೆಯ ಉತ್ತರವನ್ನೇ ಕೊಡುತ್ತದೆ. ಮೈಸೂರಿನಲ್ಲಿ 1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ‘ಆಕಾಶವಾಣಿ’ಯನ್ನು ಸ್ಥಾಪಿಸಿದಂದಿನಿಂದ ಕನ್ನಡಿಗರ ದಿನಚರಿಗೆ ಬಾನುಲಿಯ ಗಡಿಯಾರವೊಂದು ಸೇರಿಕೊಂಡಿತು. (ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಅಧ್ಯಾಪಕರಾಗಿದ್ದರೆಂಬುದು ಇಲ್ಲಿ ನೆನೆಯತಕ್ಕ ಮಾತು.) ವಾರ್ತೆಯ ಹೊತ್ತಿಗೆ ಕಾಫಿ, ಮಹಿಳೆಯರ ಕಾರ್ಯಕ್ರಮದ ಹೊತ್ತಿಗೆ ಅಕ್ಕಿ ಆರಿಸುವ ಕೆಲಸ. ಆ ಗಳಿಗೆ ತಪ್ಪಿದರೆ ಆ ಮಾತೂ ತಪ್ಪಿತು. ಪಾಡ್‌ಕಾಸ್ಟಿನಲ್ಲಿ ಮಾತು ಕೇಳುಗನಿಗಾಗಿ ಕಾಯುತ್ತದೆ. ರಾತ್ರಿಪಾಳಿಯ ದಾದಿ ಬೆಳಿಗ್ಗೆ ಮನೆಗೆ ಮರಳುವಾಗ ಕೇಳಬಹುದು. ಟ್ಯಾಕ್ಸಿ ಚಾಲಕ ಗಿರಾಕಿಗಾಗಿ ಕಾಯುವಾಗ ಹತ್ತು ನಿಮಿಷ ಕೇಳಿ, ಉಳಿದದ್ದನ್ನು ಸಂಜೆ ಅಲ್ಲಿಂದಲೇ ಮುಂದುವರಿಸಬಹುದು. ಬಿಡುವೆಂದು ಹೆಸರಿಡಲಾಗದ ದಿನದ ಬಿರುಕುಗಳಲ್ಲಿ ಅದು ನೀರಿನಂತೆ ಇಳಿಯುತ್ತದೆ. ಇದು ಸಾಮಾನ್ಯ ಉಪಕಾರವಲ್ಲ. ಇಡೀ ದಿನ ಪುಸ್ತಕ ಬಿಚ್ಚಲಾಗದ ಮನೆವಾರ್ತೆಯ ಹೆಣ್ಣುಮಗಳೊಬ್ಬಳಿಗೆ ಇದರಿಂದ ಎಷ್ಟು ವಿದ್ಯೆ ದೊರೆತೀತೆಂಬುದನ್ನು ಹಗುರವಾಗಿ ಕಾಣಬಾರದು.

ಎಲ್ಲ ಕೆಲಸದ ಜೊತೆಗೂ ಕೇಳಲಾಗುವುದಿಲ್ಲ, ಇದು ಅನುಭವವೇದ್ಯ. ಪಾತ್ರೆ ತೊಳೆಯುತ್ತ ಉಪನ್ಯಾಸ ಕೇಳಬಹುದು. ಪತ್ರ ಬರೆಯುತ್ತ ಕೇಳಲಾಗದು. 1953ರಲ್ಲಿ ಕಾಲಿನ್ ಚೆರಿ ಎಂಬ ವಿಜ್ಞಾನಿ ಜನರ ಎರಡು ಕಿವಿಗಳಿಗೆ ಎರಡು ಬೇರೆ ಬೇರೆ ಮಾತುಗಳನ್ನು ಕೇಳಿಸಿ, ಒಂದನ್ನು ಮಾತ್ರ ಬಾಯಿಬಿಟ್ಟು ಅನುಸರಿಸಿ ಹೇಳುವಂತೆ ಮಾಡಿದರು. ಇನ್ನೊಂದು ಕಿವಿಯ ಮಾತಿನ ವಿಷಯವೇನೆಂಬುದು ಅವರಿಗೆ ತಿಳಿದಿರಲಿಲ್ಲ. ಅಲ್ಲಿ ಇಂಗ್ಲಿಷು ನಡುವೆ ಜರ್ಮನ್ ಆಗಿ ಬದಲಾದರೂ ಅವರು ಗಮನಿಸಲಿಲ್ಲ! ಗಂಡುದನಿ ಹೆಣ್ಣುದನಿಯಾದರೆ ಮಾತ್ರ ತಿಳಿಯಿತು. ಮುಂದೆ 1974ರಲ್ಲಿ ಬ್ಯಾಡ್ಲಿ ಮತ್ತು ಹಿಚ್ ಎಂಬಿಬ್ಬರು ಕ್ಷಣಿಕ ಸ್ಮರಣೆಯ ಸ್ವರೂಪವನ್ನು ವಿವರಿಸಿದರು. ಆ ದಾರಿಯಲ್ಲಿ ಬೆಳೆದ ವಿಚಾರದಂತೆ ಮಾತಿಗೆ ಮನಸ್ಸಿನಲ್ಲಿ ಒಂದು ಕಿರಿದಾದ ಓಣಿಯಿದೆ. ಓದುವ ಮಾತು, ಬರೆಯುವ ಮಾತು, ಕೇಳುವ ಮಾತು ಎಲ್ಲವೂ ಅದರಲ್ಲೇ ಹಾಯಬೇಕು. ಪೊರಕೆ ಹಿಡಿದ ಕೈಗೆ ಆ ಓಣಿ ಬೇಕಿಲ್ಲ. ಅದೂ ಪಳಗಿದ ಕೈಯಾಗಿರಬೇಕು. ಹೊಸದಾಗಿ ದೋಸೆ ಹುಯ್ಯುವವರು ಕಥೆ ಕೇಳತೊಡಗಿದರೆ ದೋಸೆಯೂ ಸೀದೀತು, ಕಥೆಯೂ ತಪ್ಪೀತು. ಹವಾನಾದ ಕೆಲಸಗಾರರು ಕಾದಂಬರಿಯನ್ನು ಅರಗಿಸಿಕೊಂಡದ್ದು ಬೆರಳುಗಳಿಗೆ ತಮ್ಮ ವಿದ್ಯೆ ಪೂರ್ತಿ ಬಂದಿದ್ದರಿಂದ.

ಈಗ ಕೆಲಸವನ್ನೇ ಕುರಿತ ಪಾಡ್‌ಕಾಸ್ಟ್‌ಗಳಿಗೆ ಬರೋಣ. ನಾನು ಕೇಳಿದ ಹಲವು ಒಂದೇ ಅಚ್ಚಿನವು. ಕಛೇರಿಯಲ್ಲಿ ಮೇಲೇರುವುದು ಹೇಗೆ, ಸಮಯವನ್ನು ಉಳಿಸುವುದು ಹೇಗೆ, ಸಭೆಯಲ್ಲಿ ಮಾತನಾಡುವುದು ಹೇಗೆ. ಇವುಗಳಿಂದ ಪ್ರಯೋಜನವಿಲ್ಲವೆನ್ನಲಾರೆ. ಆದರೆ ಇವುಗಳ ಹಿಂದೆ ಒಂದು ಎಣಿಕೆಯಿದೆ: ಪಾತ್ರೆ ತೊಳೆಯುವ ಹೊತ್ತು, ಬಸ್ಸಿನ ಹೊತ್ತು ಸತ್ತ ಹೊತ್ತು, ಅದರೊಳಗೆ ಏನನ್ನಾದರೂ ತುಂಬಿ ಲಾಭಕ್ಕೆ ಹಚ್ಚಬೇಕು. ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿ ಮೂವತ್ತು ನಿಮಿಷದ ಮಾತನ್ನು ಇಪ್ಪತ್ತು ನಿಮಿಷದಲ್ಲಿ ಮುಗಿಸುವ, ಮಾತಿನ ನಡುವಣ ಮೌನವನ್ನು ಕತ್ತರಿಸಿಹಾಕುವ ಸೌಲಭ್ಯಗಳೂ ಉಂಟು. ಮೌನವನ್ನು ಕತ್ತರಿಸಿದ ಮೇಲೆ ಮಾತಿನಲ್ಲಿ ಉಳಿಯುವುದೇನು? ಸಂಜೆ ಕಛೇರಿಯಿಂದ ಹೊರಟವನು ದಾರಿಯುದ್ದಕ್ಕೂ ಕಛೇರಿಯನ್ನೇ ಕೇಳುತ್ತ ಮನೆ ಸೇರಿದರೆ ಅವನ ಕೆಲಸ ಮುಗಿದದ್ದು ಯಾವಾಗ? ಕಿವಿ ಅವನದೇ, ಆಯ್ಕೆಯೂ ಅವನದೇ; ಆದರೂ ಅಲ್ಲಿ ನನಗೆ ಯುದ್ಧಕಾಲದ ಆ ಧ್ವನಿವರ್ಧಕವೇ ಕೇಳಿಸುತ್ತದೆ. ಮೇಜು ಕುಟ್ಟಿ ಮೆಚ್ಚುಗೆ ತಿಳಿಸಲು ಪಕ್ಕದಲ್ಲಿ ಇನ್ನೊಬ್ಬನಿಲ್ಲ. ಒಂದೇ ಬಸ್ಸಿನ ನಲವತ್ತು ಮಂದಿ ನಲವತ್ತು ಮಾತುಗಳನ್ನು ಕೇಳುತ್ತಿರುತ್ತಾರೆ.

ಬೇರೊಂದು ಬಗೆಯೂ ಉಂಟು. ಅಮೆರಿಕದ ಷಿಕಾಗೊ ನಗರದ ಬಾನುಲಿಯಲ್ಲಿ ಸ್ಟಡ್ಸ್ ಟರ್ಕೆಲ್ ಎಂಬವರು 1952ರಿಂದ 1997ರ ವರೆಗೆ ಜನರನ್ನು ಮಾತನಾಡಿಸುತ್ತಿದ್ದರು. ಧ್ವನಿಮುದ್ರಣದ ಪೆಟ್ಟಿಗೆ ಹಿಡಿದು ಊರೂರು ಅಲೆದು, ನೂರಕ್ಕೂ ಹೆಚ್ಚು ಜನರಿಂದ ಅವರವರ ಕೆಲಸದ ವೃತ್ತಾಂತವನ್ನು ಕೇಳಿ, 1974ರಲ್ಲಿ ‘ವರ್ಕಿಂಗ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ಕಲ್ಲುಕುಟಿಗ, ಗೋರಿ ತೋಡುವವನು, ಹೋಟೆಲಿನ ಪರಿಚಾರಿಕೆ ಎಲ್ಲರೂ ಅಲ್ಲಿದ್ದಾರೆ. ದಿನವಿಡೀ ದನಿಯಿಂದಲೇ ದುಡಿದರೂ ಗೊತ್ತುಮಾಡಿದ ಕೆಲವೇ ವಾಕ್ಯಗಳನ್ನಲ್ಲದೆ ಬೇರೆ ಆಡುವಂತಿಲ್ಲದ ಟೆಲಿಫೋನ್ ಕೆಲಸಗಾರ್ತಿಯೂ ಇದ್ದಾಳೆ. ಟರ್ಕೆಲ್ಲರು 2008ರಲ್ಲಿ ತೀರಿಕೊಂಡರು. ಆ ಹಳೆಯ ಮುದ್ರಿಕೆಗಳಲ್ಲಿ ಕೆಲವನ್ನು 2016ರಲ್ಲಿ ಬಾನುಲಿಯಲ್ಲಿಯೂ ಪಾಡ್‌ಕಾಸ್ಟಿನಲ್ಲಿಯೂ ಕೇಳಿಸಿದರು. ಅಚ್ಚಿನಲ್ಲಿ ಕಾಣದಿದ್ದ ಆಯಾಸ, ನಗು, ತಡವರಿಕೆಗಳು ಆಗ ಕಿವಿಗೆ ಬಿದ್ದವು. ಇಂಥದನ್ನು ಪಾತ್ರೆ ತೊಳೆಯುತ್ತ ಕೇಳಿದವರಿಗೆ ತಮ್ಮ ಕೈಯಲ್ಲಿರುವ ಕೆಲಸ ಸತ್ತ ಹೊತ್ತೆನಿಸುವುದಿಲ್ಲ. ಅದರ ಬಗೆಗೂ ಹೇಳತಕ್ಕದ್ದಿದೆ ಎನಿಸುತ್ತದೆ.

ಕನ್ನಡಕ್ಕೆ ಇದು ಪರಕೀಯವಲ್ಲ. ಅಂಬಿಗ, ಮಡಿವಾಳ, ಹುರಿ ಹೊಸೆಯುವವ, ನೇಯುವವ ಇವರೆಲ್ಲ ಹನ್ನೆರಡನೆಯ ಶತಮಾನದಷ್ಟು ಹಿಂದೆಯೇ ತಂತಮ್ಮ ಕಾಯಕದ ಪರಿಭಾಷೆಯಲ್ಲಿಯೇ ಪರತತ್ತ್ವವನ್ನು ನುಡಿದರು. ಇಂದು ಧ್ವನಿಮುದ್ರಣಕ್ಕೆ ಬೇಕಾದ ಯಂತ್ರ ಪ್ರತಿಯೊಬ್ಬರ ಜೇಬಿನಲ್ಲಿದೆ. ಕೋಟೆಯ ಮಣ್ಣನ್ನು ನಾಲಗೆಯ ಮೇಲಿಟ್ಟು ಪರೀಕ್ಷಿಸುವ ಬೀದರಿನ ಬಿದರಿ ಕೆಲಸಗಾರನಿದ್ದಾನೆ, ಮಳೆಯಲ್ಲಿ ಕಂಬವೇರುವ ವಿದ್ಯುತ್ ಇಲಾಖೆಯ ಲೈನ್‌ಮ್ಯಾನ್ ಇದ್ದಾನೆ, ಇಳಕಲ್ಲಿನ ನೇಕಾರರಿದ್ದಾರೆ. ತರುಣರು ಇವರ ಬಳಿಗೆ ಹೋಗಿ ಅರ್ಧ ಗಂಟೆ ಕೇಳಿಸಿಕೊಂಡು ಬರಲಿ. ಅವರನ್ನು ಬೇರೆ ಕೋಣೆಗೆ ಕರೆದು ಕುರ್ಚಿಯ ಮೇಲೆ ಕೂರಿಸುವುದು ಬೇಡ. ನೇಕಾರ ಮಾತನಾಡುವಾಗ ಮಗ್ಗ ನಡೆಯುತ್ತಲೇ ಇರಲಿ. ಲಾಳಿಯ ಸದ್ದೂ ಮುದ್ರಿಕೆಯಲ್ಲಿ ಬರಲಿ.