ಹೆಸರು ಮತ್ತು ಕೊರತೆ: ಹಣ್ಣುನೊಣದ ಭ್ರೂಣದಲ್ಲಿ ನರ ಆಕರಕೋಶಗಳ ಹುಟ್ಟು

ಹಣ್ಣುನೊಣದ ವಂಶವಾಹಿಗಳ ಹೆಸರುಗಳನ್ನು ಓದುವಾಗ ಒಂದು ಎಚ್ಚರ ಅಗತ್ಯ. ಅವುಗಳಲ್ಲಿ ಬಹುಪಾಲು ಹೆಸರುಗಳು ಆಯಾ ವಂಶವಾಹಿ ಕೆಟ್ಟಾಗ ಕಾಣುವ ಲಕ್ಷಣವನ್ನು ಸೂಚಿಸುತ್ತವೆಯೇ ಹೊರತು ಅದರ ಕಾರ್ಯವನ್ನಲ್ಲ. ‘ನಾಚ್’ ಎಂದರೆ ಕಚ್ಚು; ಇದರ ಒಂದು ಪ್ರತಿ ಕೆಟ್ಟ ಹೆಣ್ಣುನೊಣದ ರೆಕ್ಕೆಯಂಚು ಕಚ್ಚುಬಿದ್ದಂತಿರುತ್ತದೆ. ‘ಅಕೀಟ್’ ಎಂದರೆ ಬಿರುಗೂದಲಿಲ್ಲದ್ದು. ಬಿರುಗೂದಲನ್ನು ಹುಟ್ಟಿಸುವುದೇ ಅದರ ಕೆಲಸ. ಮಕ್ಕಳು ಉಳಿಯದ ಮನೆಯಲ್ಲಿ ಕೂಸಿಗೆ ತಿಪ್ಪನೆಂದು ಹೆಸರಿಡುವ ವಾಡಿಕೆಯನ್ನು ಬಲ್ಲ ಜಾನಪದ ವಿದ್ಯಾರ್ಥಿಗೆ ಹೆಸರನ್ನು ವಿರುದ್ಧಾರ್ಥದಲ್ಲಿ ಗ್ರಹಿಸುವುದು ಹೊಸದೇನಲ್ಲ. ಇಲ್ಲಿ ಹಾಗೆ ಗ್ರಹಿಸದಿದ್ದರೆ ಪ್ರಯೋಗದ ಫಲಿತಾಂಶವೇ ತಲೆಕೆಳಗಾಗುತ್ತದೆ.

ಭ್ರೂಣದ ಉದರಭಾಗದ ಹೊರಪದರದಲ್ಲಿ ಐದಾರು ಕೋಶಗಳ ಸಣ್ಣ ಗುಂಪುಗಳು ಏರ್ಪಡುತ್ತವೆ. ಅಕೀಟ್, ಸ್ಕ್ಯೂಟ್ ಮೊದಲಾದ ವಂಶವಾಹಿಗಳು ಗುಂಪಿನ ಎಲ್ಲ ಕೋಶಗಳಿಗೂ ನರ ಆಕರಕೋಶವಾಗುವ ಅರ್ಹತೆಯನ್ನು ನೀಡುತ್ತವೆ. ಆದರೆ ಹಾಗಾಗುವುದು ಒಂದೇ ಕೋಶ. ಅದು ಹಿಗ್ಗಿ, ಒಳಸರಿದು, ಮತ್ತೆ ಮತ್ತೆ ವಿಭಜಿಸಿ ನರಕೋಶಗಳಿಗೆ ಮೂಲವಾಗುತ್ತದೆ, ಉಳಿದವು ಹೊರಚರ್ಮವಾಗುತ್ತವೆ. ದೇಹಖಂಡವೊಂದರ ಪ್ರತಿ ಪಾರ್ಶ್ವದಲ್ಲಿ ಇಂಥ ಆಕರಕೋಶಗಳು ಸುಮಾರು 30.

ಒಂದನ್ನು ಮಾತ್ರ ಉಳಿಸುವ ವ್ಯವಸ್ಥೆ ನೆರೆಹೊರೆಯದು. ಮುಂದಾದ ಕೋಶವು ತನ್ನ ಮೇಲ್ಮೈಯಲ್ಲಿರುವ ‘ಡೆಲ್ಟಾ’ ಪ್ರೋಟೀನಿನಿಂದ ಪಕ್ಕದ ಕೋಶದ ನಾಚ್ ಪ್ರೋಟೀನನ್ನು ಎಚ್ಚರಿಸುತ್ತದೆ. ಆಗ ನಾಚ್‌ನ ಒಳತುಂಡು ಕತ್ತರಿಸಲ್ಪಟ್ಟು ಕೋಶಕೇಂದ್ರವನ್ನು ಸೇರಿ, ಅಕೀಟ್ ಮತ್ತು ಸ್ಕ್ಯೂಟ್‌ಗಳನ್ನು ಅಡಗಿಸುವ ಬೇರೆ ವಂಶವಾಹಿಗಳಿಗೆ ಚಾಲನೆ ಕೊಡುತ್ತದೆ. ನೆರೆಯ ಕೋಶದ ಅರ್ಹತೆ ಅಲ್ಲಿಗೆ ಮುಗಿಯುತ್ತದೆ.

ನಾಚ್ ಇಲ್ಲದ ಭ್ರೂಣಗಳನ್ನು 1930ರ ದಶಕದಲ್ಲಿ ಪರಿಶೀಲಿಸಿದ ಡೊನಾಲ್ಡ್ ಪೌಲ್ಸನ್ ಕಂಡದ್ದು ನರಮಂಡಲದ ಅಭಾವವನ್ನಲ್ಲ, ಅತಿರೇಕವನ್ನು. ಚರ್ಮವಾಗಬೇಕಿದ್ದ ಕೋಶಗಳೂ ನರಮಾರ್ಗವನ್ನೇ ಹಿಡಿದಿದ್ದವು. ಚರ್ಮವಿಲ್ಲದ ಭ್ರೂಣ ಬದುಕಲಿಲ್ಲ. ‘ಬಿಗ್ ಬ್ರೈನ್’ ಎಂಬ ಇನ್ನೊಂದು ವಂಶವಾಹಿಯ ಕಥೆಯೂ ಇಂಥದೇ. ದೊಡ್ಡ ಮಿದುಳೆಂಬ ಹೆಸರಿದ್ದರೂ ಅದು ಮಿದುಳನ್ನು ಬೆಳೆಸುವುದಲ್ಲ, ಬೆಳೆಯದಂತೆ ಹಿಡಿದಿಡುವುದು.

ಉತ್ಪರಿವರ್ತನೆಯ ನೆರವಿಲ್ಲದೆಯೂ ಇದಕ್ಕೆ ಪುರಾವೆ ದೊರೆತಿದೆ. ಮಿಡತೆಯ ಭ್ರೂಣದಲ್ಲಿ ಆಕರಕೋಶವೊಂದನ್ನು ಲೇಸರ್ ಕಿರಣದಿಂದ ನಾಶಪಡಿಸಿದಾಗ ಪಕ್ಕದ ಕೋಶವೊಂದು ಅದರ ಸ್ಥಾನಕ್ಕೆ ಬಂದುದನ್ನು ಡೋ ಮತ್ತು ಗುಡ್‌ಮನ್ 1985ರಲ್ಲಿ ವರದಿಮಾಡಿದರು. ತಡೆ ತೊಲಗಿದೊಡನೆ ಅಡಗಿದ್ದ ಅರ್ಹತೆ ಮೇಲೆದ್ದಿತು.

ಅಕೀಟ್-ಸ್ಕ್ಯೂಟ್ ಸಮೂಹ ಪೂರ್ಣವಾಗಿ ಲೋಪವಾದಾಗಿನ ಪರಿಣಾಮ ಇದಕ್ಕೆ ವಿರುದ್ಧವಾದುದು: ಆಕರಕೋಶಗಳು ಕಡಿಮೆಯಾಗುತ್ತವೆ. ಆದರೂ ಎಲ್ಲವೂ ಇಲ್ಲವಾಗುವುದಿಲ್ಲ, ಗಣನೀಯ ಪಾಲು ಹುಟ್ಟಿಯೇ ಹುಟ್ಟುತ್ತದೆ. ಅರ್ಹತೆಯನ್ನು ಕೊಡುವ ಹೊಣೆ ಆ ಸಮೂಹವೊಂದರದೇ ಅಲ್ಲವೆಂಬುದು ಇದರಿಂದ ಸ್ಪಷ್ಟ.