ಅಜ್ಜನ ಕಾಲದ ರೈಫಲ್ ಇದೆ, ತೋಟಾ ಸಿಗ್ತಿಲ್ಲ: ಏನು ಮಾಡಬೇಕು?

ಬಟವಾಡಿ: ತುಮಕೂರು, ಗುಬ್ಬಿ, ಕುಣಿಗಲ್ ಕಡೆ ಯಾರ ಮನೆಯಲ್ಲಾದರೂ ಅಜ್ಜನ ಕಾಲದ ರೈಫಲ್ ಉಳಿದಿದ್ದರೆ ಮೊದಲು ಏಳೋ ಪ್ರಶ್ನೆ ಒಂದೇ. ಇದಕ್ಕೆ ತೋಟಾ ಎಲ್ಲಿ ಸಿಗುತ್ತೆ? ಎಷ್ಟೋ ಹಳೇ ರೈಫಲ್‌ಗಳಿಗೆ ಸುಲಭವಾಗಿ ಸಿಗಲ್ಲ. ಹಾಗಂತ ಅಳತೆ ಸರಿಹೋಗೋ ಬೇರೆ ತೋಟಾ ಹಾಕೋದು, ಖಾಲಿ ತೋಟಾಗೆ ಮನೆಯಲ್ಲೇ ಮದ್ದು ತುಂಬೋದು ಎರಡೂ ಅಪಾಯ.

ಯಾಕೆ ಸಿಗಲ್ಲ?
ನಮ್ಮ ದೇವರಾಯನದುರ್ಗದ ಹುಲಿ ಬಗ್ಗೆ ಬರೆದ ಕೆನೆತ್ ಆಂಡರ್ಸನ್ ಬಳಸುತ್ತಿದ್ದದ್ದು .405 ವಿಂಚೆಸ್ಟರ್ ರೈಫಲ್. 1904ರಲ್ಲಿ ಬಂದ ಆ ತೋಟಾಗೆ ಬೇಡಿಕೆ ಕುಸಿದು ತಯಾರಿಕೆ ನಿಂತಿತು. 2000ದ ನಂತರ ವಿದೇಶದಲ್ಲಿ ಮತ್ತೆ ಶುರುವಾಯಿತು. 1907ರಲ್ಲಿ ಬ್ರಿಟಿಷ್ ಸರ್ಕಾರ ಭಾರತದಲ್ಲಿ .450 ತೋಟಾ ನಿಷೇಧಿಸಿದಾಗ ಕಂಪನಿಗಳು .465, .470 ಅಂತ ಹೊಸ ಅಳತೆ ತಂದವು. ಇಲ್ಲಿನ ಸರ್ಕಾರಿ ಕಾರ್ಖಾನೆಗಳಲ್ಲಿ ತಯಾರಾಗಿ ಜನರಿಗೆ ಸಿಗೋ ರೈಫಲ್ ತೋಟಾದಲ್ಲಿ ಮುಖ್ಯವಾದದ್ದು .315.

ಹೆಸರು ನಂಬಬೇಡಿ
.405 ಅಂತ ಹೆಸರಿದ್ದರೂ ಅದರ ಗುಂಡಿನ ನಿಜವಾದ ಅಳತೆ .411 ಇಂಚು. ಇನ್ನು ಕೆಲವು ಹಳೇ ನಳಿಗೆಗಳು ಕರಿಮದ್ದಿಗೆ ಮಾತ್ರ ಮಾಡಿದವು. ಈಗಿನ ಹೊಗೆರಹಿತ ಮದ್ದಿನ ಒತ್ತಡಕ್ಕೆ ಅವು ಸಿಡಿಯಬಹುದು. ಕಣ್ಣು, ಕೈ ಹೋದರೆ ವಾಪಸ್ ಬರಲ್ಲ.

ಕಾನೂನು ಏನು ಹೇಳುತ್ತೆ?
* ಲೈಸೆನ್ಸ್ ಇದ್ದವರು ತೀರಿಕೊಂಡರೆ ಬಂದೂಕನ್ನು ತಡಮಾಡದೆ ಪೊಲೀಸ್ ಠಾಣೆಗೋ ಲೈಸೆನ್ಸ್ ಇರೋ ಬಂದೂಕಿನ ಅಂಗಡಿಗೋ ಒಪ್ಪಿಸಿ ರಸೀದಿ ಪಡೆಯಬೇಕು. ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸ್ ಕೇಳಿ ಅರ್ಜಿ ಹಾಕಬಹುದು.
* 2019ರ ತಿದ್ದುಪಡಿಯಂತೆ ಒಬ್ಬರಿಗೆ ಎರಡೇ ಬಂದೂಕು. ವಂಶಪಾರಂಪರ್ಯವಾಗಿ ಬಂದದ್ದೂ ಆ ಲೆಕ್ಕಕ್ಕೇ ಸೇರುತ್ತೆ.
* ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಂಡರೆ 2ರಿಂದ 5 ವರ್ಷ ಜೈಲು. ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸಿದರೆ ಕನಿಷ್ಠ 7 ವರ್ಷ, ಜೀವಾವಧಿವರೆಗೂ ಹೋಗಬಹುದು.

ಏನು ಮಾಡಬಹುದು?
ನಳಿಗೆ ಮೇಲಿನ ಗುರುತುಗಳನ್ನು ಹಾಗೇ ಬರೆದುಕೊಳ್ಳಿ. ಉಜ್ಜಿ ಅಳಿಸಬೇಡಿ. ಲೈಸೆನ್ಸ್ ಪುಸ್ತಕದ ಜೊತೆ ಅಧಿಕೃತ ಬಂದೂಕಿನ ಅಂಗಡಿಯಲ್ಲಿ ತೋರಿಸಿ. ಅಜ್ಜ ಬಿಟ್ಟುಹೋದ ಹಳೇ ತೋಟಾಗಳಿದ್ದರೆ ಹಾರಿಸಿ ನೋಡೋಕೆ ಹೋಗದೆ ಠಾಣೆಗೆ ತಿಳಿಸಿ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿಯೂ ಅಪರಾಧವೇ. ಹಾಗಾಗಿ ತೋಟಾ ಹುಡುಕೋ ಮೊದಲು ಕಾಗದಪತ್ರ ಸರಿಮಾಡಿಕೊಳ್ಳೋದೇ ಮನೆಯವರಿಗೆ ಒಳ್ಳೇದು.